ಮೇಜಿಲ್ಲದ ಮನೆಯ ಮೇಜುಪಟ್ಟಿ

೧೭ ಆಗಸ್ಟ್ ೧೯೯೫, ಗುರುವಾರ, ಅರಸೀಕೆರೆ

ಕಾಗದ ಬರೆದು ಪಳಗಿದ ಕೈ ಇದು. ಡೈರಿ ಬರೆದು ಗೊತ್ತಿಲ್ಲ. ಮೂವತ್ತೆರಡನೆಯ ವಯಸ್ಸಿನಲ್ಲಿ ತಮ್ಮನ ಮಗನ ಸ್ಲೇಟು ಕದ್ದು ಅಕ್ಷರ ತೀಡಿದವಳು ನಾನು. ಆಮೇಲಿನಿಂದ ನಮ್ಮ ನೆಂಟರಲ್ಲಿ ಯಾರ ಮಗಳು ಮೈನೆರೆಯಲಿ, ಯಾರ ಹಸು ಕರು ಹಾಕಲಿ, ಹಳೇಬೀಡಿನಿಂದ ನಾಲ್ಕೂರಿಗೆ ಕಾಗದ ಹೋಗುವುದು ಧರ್ಮಾವತಿಯ ಕೈಯಿಂದಲೇ. ಆದರೆ ಕಾಗದದಲ್ಲಿ ಬರೆಯಲಾಗದ್ದು ಅಂತ ಇರುತ್ತದಲ್ಲ, ಅದನ್ನೇನು ಮಾಡುವುದು? ಇವತ್ತು ತಮ್ಮ ಪದ್ಮಣ್ಣನಿಗೆ ಇನ್‌ಲ್ಯಾಂಡಿನಲ್ಲಿ "ಸುಖವಾಗಿ ತಲುಪಿದೆ, ದೀಪ್ತಿ ಕ್ಷೇಮ, ಇಲ್ಲಿ ಮಳೆ ಕಮ್ಮಿ" ಎಂದು ಮೂರು ಮಾತು ಬರೆದು ಅಂಟಿಸಿದೆ. ಮಿಕ್ಕದ್ದು ಇಲ್ಲಿಗೆ. ಈ ಡೈರಿ ದೀಪ್ತಿಯ ಗಂಡ ಪುಷ್ಪರಾಜ ಕೊಟ್ಟದ್ದು. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಅವನಿಗೆ ಎರಡು ಸಿಕ್ಕಿದ್ದವಂತೆ.

ದೀಪ್ತಿ ನನ್ನ ತಂಗಿ ಸುನಂದೆಯ ಮಗಳು. ಸುನಂದೆ ಹೋಗಿ ಹದಿನೈದು ವರ್ಷವಾಯಿತು. ಹುಡುಗಿ ಈಗ ಐದು ತಿಂಗಳ ಬಸುರಿ. ಮೊದಲನೆಯದು ಮೂರಕ್ಕೇ ಹೋಯಿತು. ಎರಡನೆಯದು ಹೋದ ವರ್ಷ ಮಾಘದಲ್ಲಿ, ಎಂಟರಲ್ಲಿ ಹುಟ್ಟಿತು, ಅಳಲಿಲ್ಲ. ಈ ಸಲ ಡಾಕ್ಟರಮ್ಮ ಮಂಚ ಬಿಟ್ಟು ಇಳಿಯಬೇಡ ಎಂದಿದ್ದಾರೆ. "ನೀವೇ ಬರಬೇಕು ದೊಡ್ಡಮ್ಮ" ಎಂದು ಮೂರು ಕಾಗದ ಬರೆದಳು. ಎರಡಕ್ಕೆ ಇಲ್ಲದ ನೆಪ ಹೇಳಿದೆ, ಮೂರನೆಯದಕ್ಕೆ ನೆಪ ಹೊಳೆಯಲಿಲ್ಲ.

ಮಕ್ಕಳಿಲ್ಲದವಳು, ಮೇಲೆ ವಿಧವೆ. ಬಸುರಿಯ ಎದುರಿಗೆ ಬೆಳಿಗ್ಗೆ ಬೆಳಿಗ್ಗೆ ಸುಳಿಯಬೇಡ ಎಂದು ನನಗೆ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ನಾನೇ ನಲವತ್ತು ವರ್ಷದಿಂದ ಸುಳಿಯದಂತೆ ನಡೆದುಕೊಂಡು ಬಂದವಳು. ಇಲ್ಲೂ ಹಾಗೇ ಇರುತ್ತೇನೆ. ಅಡುಗೆಮನೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದೇನೆ. ತಟ್ಟೆಯನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಬರುತ್ತೇನೆ. ಹೊಟ್ಟೆಯ ಕಡೆ ಕಣ್ಣು ಹಾಯಿಸುವುದಿಲ್ಲ.

ಈ ಕ್ವಾರ್ಟರ್ಸಿಗೆ ಎರಡೇ ಕೋಣೆ. ರೈಲು ಹೋದಾಗಲೆಲ್ಲ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ಮಾತಾಡುತ್ತವೆ.

೧೯ ಆಗಸ್ಟ್, ಶನಿವಾರ

ಬೇಲೂರಿನಿಂದ ದೀಪ್ತಿಯ ಗೆಳತಿ ಭಾನುಪ್ರಿಯಾ ಬಂದಿದ್ದಳು. ಅಲ್ಲಿ ದೇವಸ್ಥಾನ ನೋಡಲು ಬರುವ ಪ್ರವಾಸಿಗರಿಗೆಂದು ಬಟ್ಟೆಯ ಮೇಲೆ ಮೇಣದಿಂದ ಚಿತ್ರ ಬರೆದು, ಬಣ್ಣದಲ್ಲಿ ಅದ್ದಿ, ಬಾಟಿಕ್ ಅಂತ ಮಾಡುತ್ತಾಳೆ. ಚೀಲದ ತುಂಬ ತುಂಡುಗಳನ್ನು ತಂದು ಮಂಚದ ಮೇಲೆ ಸುರಿದಳು.

ಏನು ಹೇಳಲಿ! ಗೋಡೆಯ ತುಂಬ ಆನೆ ಕುದುರೆ ಕೆತ್ತಿದ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು. ಕಲ್ಲಿನ ಬೆರಗು ನನಗೆ ಎಂದೋ ಸವೆದುಹೋಗಿದೆ. ಆದರೆ ಇದು ಬಟ್ಟೆ! ನೀಲಿಯ ಮೇಲೆ ಹಡಗು, ಕಾವಿಯ ಮೇಲೆ ಒಂಟೆ ಸಾಲು, ಹಸಿರಿನಲ್ಲಿ ಎತ್ತಿನ ಗಾಡಿ, ಹೊಗೆ ಬಿಡುವ ರೈಲು, ದೋಣಿ, ಟಾಪಿನ ಮೇಲೆ ಗಂಟುಮೂಟೆ ಹೊತ್ತ ಬಸ್ಸು. ಎಲ್ಲದರ ಮೈಮೇಲೂ ಕೂದಲೆಳೆಯಂಥ ಗೆರೆಗಳು ಹರಿದಾಡುತ್ತವೆ.

"ಬಟ್ಟೆ ಸೀಳಿದೆಯಲ್ಲೇ" ಎಂದೆ.

"ಸೀಳಿಲ್ಲ ಅಮ್ಮ. ಮೇಣ ಒಣಗಿ ಬಿರುಕು ಬಿಡುತ್ತಲ್ಲ, ಅಲ್ಲಿ ಬಣ್ಣ ಇಳಿಯುತ್ತೆ. ಎಲ್ಲಿ ಬಿರುಕು ಬಿಡುತ್ತೋ ನಮ್ಮ ಕೈಲಿಲ್ಲ. ಅದರಿಷ್ಟ."

"ಮೇಣ ಅಂದರೆ ಜೇನಿನದೋ? ಹಾಗಿದ್ದರೆ ನಾನು ಮುಟ್ಟೋದಿಲ್ಲ ಕಣಮ್ಮ. ನಾವು ಜೈನರು, ಜೇನು ನಮಗಾಗದು."

"ಅಯ್ಯೋ, ಜೇನುಮೇಣಕ್ಕೆ ನನಗೆಲ್ಲಿ ಗತಿ? ಇದು ಬರೀ ಮೇಣದಬತ್ತಿದು. ಅದಕ್ಕೇ ಇಷ್ಟೊಂದು ಬಿರುಕು!"

ತುಂಡನ್ನು ತಿರುಗಿಸಿ ನೋಡಿದೆ. ಹಿಂಭಾಗದಲ್ಲೂ ಅದೇ ಹಡಗು, ಅದೇ ಬಣ್ಣ, ಅದೇ ಗೆರೆ. ಇದಕ್ಕೆ ಒಳಮೈ ಎಂಬುದೇ ಇಲ್ಲ. ನಾನು ನೋಡಿದ ಎಷ್ಟೋ ಬಟ್ಟೆಗಳಲ್ಲಿ, ಎಷ್ಟೋ ಮನುಷ್ಯರಲ್ಲಿ ಇಂಥದ್ದು ಕಂಡಿಲ್ಲ.

ಗೆಳತಿ ಹೋದ ಮೇಲೆ ದೀಪ್ತಿ ಅಂದಳು, "ದೊಡ್ಡಮ್ಮ, ಇದರಲ್ಲಿ ನನಗೊಂದು ಮೇಜುಪಟ್ಟಿ ಮಾಡಿಕೊಡಿ. ಮೇಜಿನ ಮೇಲೆ ಉದ್ದಕ್ಕೆ ಹಾಸ್ತಾರಲ್ಲ, ಅದು. ನಿಮ್ಮ ಕೌದಿ ಥರ, ಒಳಗೆ ಮೆತ್ತಗೆ ಇಟ್ಟು ಹೊಲೀರಿ."

"ನಿನ್ನ ಮನೇಲಿ ಮೇಜೆಲ್ಲಿದೆಯೇ?"

"ಬರುತ್ತೆ ಬಿಡಿ."

"ನಾನು ಸೂಜಿ ಹಿಡಿದು ಒಂದೂವರೆ ವರ್ಷ ಆಯ್ತು. ಕಣ್ಣು ಕಾಣೋದಿಲ್ಲ."

"ಮೊನ್ನೆ ಅಕ್ಕೀಲಿ ಕಲ್ಲು ಆರಿಸುವಾಗ ಕಾಣ್ತಿತ್ತಲ್ಲ?" ಎಂದು ಮಗ್ಗುಲಾದಳು.

ಕಣ್ಣಿಗೇನೂ ಆಗಿಲ್ಲ. ಯಾರಿಗೂ ಹೇಳದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ಹುಟ್ಟುವ ಮೊದಲು ಮಗುವಿಗೆಂದು ಒಂದೆಳೆ ದಾರವನ್ನೂ ಹೊಲೆಯಬಾರದು. ನಮ್ಮ ಅಜ್ಜಿಯ ಕಾಲದಿಂದ ಬಂದ ಮಾತು. ಹುಟ್ಟಿದ ಮೇಲೂ ಮೊದಲು ಸುತ್ತುವುದು ಹಳೇ ಸೀರೆಯನ್ನೇ. ಇದು ಗೊತ್ತಿದ್ದೂ ಹೋದ ಸಲ, ಎಂಟನೇ ತಿಂಗಳು ಬಂತಲ್ಲ ಎಂಬ ಸಂಭ್ರಮಕ್ಕೆ, ಕೆಂಪು ಫ್ಲಾನೆಲ್ಲಿನಲ್ಲಿ ಒಂದು ಕುಲಾವಿ ಹೊಲೆದೆ. ಕಿವಿಯ ಹತ್ತಿರ ಬಿಳಿ ದಾರದ ಹೂವು. ಹೊಲೆದ ಒಂಬತ್ತನೇ ದಿನ ಸುದ್ದಿ ಬಂತು. ಕುಲಾವಿಗೆ ಕಲ್ಲು ಕಟ್ಟಿ ನಮ್ಮೂರ ಕೆರೆಗೆ ಹಾಕಿದೆ. ಸೂಜಿ ಡಬ್ಬಿ ಮುಚ್ಚಿದೆ.

೨೮ ಆಗಸ್ಟ್, ಸೋಮವಾರ

ಮೇಜಿನ ಪಟ್ಟಿ ತಾನೇ. ಮೇಜಿಗೇನು ಹೊಲೆಯಬಾರದು ಎಂದು ಶಾಸ್ತ್ರವಿಲ್ಲ.

ಎಂಟು ದಿನದಿಂದ ಆ ತುಂಡುಗಳು ಮಂಚದ ಕಾಲ ಹತ್ತಿರವೇ ಬಿದ್ದಿದ್ದವು, ನಾನು ಗುಡಿಸುವಾಗಲೆಲ್ಲ ಎತ್ತಿ ಇಡುತ್ತಿದ್ದೆ. ನಿನ್ನೆ ಎತ್ತಿದವಳು ಕೆಳಗಿಡಲಿಲ್ಲ. ನೆಲದ ಮೇಲೆ ಹಾಸಿ, ಗುಡಿಯ ಗೋಡೆಯ ಹಾಗೆ ಸಾಲು ಮಾಡಿದೆ: ಕೆಳಗೆ ಗಾಡಿ, ಅದರ ಮೇಲೆ ಒಂಟೆ, ಮೇಲೆ ರೈಲು, ಬಸ್ಸು, ದೋಣಿ, ತುದಿಗೆ ಹಡಗು. ನಾಲ್ಕು ಮೊಳ ಉದ್ದ ಬರುತ್ತದೆ. ಮಂಚದ ಮೇಲಿನಿಂದಲೇ ದೀಪ್ತಿಯ ಯಜಮಾನಿಕೆ.

"ಬಸ್ಸನ್ನ ಒಂಟೆ ಪಕ್ಕ ಇಡಬೇಡಿ ದೊಡ್ಡಮ್ಮ, ಒಂಟೆ ಬೆದರುತ್ತೆ."

ಪಕ್ಕದ ಕ್ವಾರ್ಟರ್ಸಿನ ಶಿವಗಂಗಮ್ಮ ಮೊಸರು ಕೊಡಲು ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಜಾವಗಲ್ಲಿನ ಕಡೆಯ ಹೆಂಗಸು, ಗಂಡ ರೈಲ್ವೆ ಗ್ಯಾಂಗಿನ ಮೇಸ್ತ್ರಿ. ನಾಲಗೆಗೆ ಬ್ರೇಕಿಲ್ಲ.

"ಏನ್ರೀ ಧರ್ಮಾವತಮ್ಮ ಇದು?"

"ಮೇಜಿನ ಮೇಲೆ ಹಾಸೋ ಪಟ್ಟಿ ಕಣ್ರೀ."

"ಮೇಜೇ ಇಲ್ದಿರೋ ಮನೇಗೆ ಮೇಜಿನ ಬಟ್ಟೇನಾ? ಗಂಡೇ ಗೊತ್ತಾಗ್ದಂಗೆ ಚಪ್ಪರ ಹಾಕ್ದಂಗೈತೆ!"

ದೀಪ್ತಿ ನಕ್ಕಳು. ನಾನು ಬಂದ ಮೇಲೆ ಅವಳು ನಗುವುದು ಇದೇ ಮೊದಲು.

ಇವತ್ತು ಗಾಡಿಯ ಸಾಲು ಜೋಡಿಸಿ ಹೊಲೆದೆ. ಹಡಗಿನ ಸಾಲನ್ನೂ ಮುಗಿಸಿ ನೋಡುತ್ತೇನೆ, ಹಡಗು ಅತ್ತ ಮುಖ ಮಾಡಿ ಹೊರಟು ಹೋಗುತ್ತಿದೆ. ಸರಿಯೆನಿಸಲಿಲ್ಲ. ಪೂರ್ತಿ ಬಿಚ್ಚಿದೆ. ಬಟ್ಟೆಗೆ ಒಳಮೈ ಇಲ್ಲದ್ದು ಆಗ ಉಪಕಾರಕ್ಕೆ ಬಂತು. ಮಗುಚಿ ಹಾಕಿದರೆ ಅದೇ ಹಡಗು ಇತ್ತ ಮುಖ ಮಾಡಿತು. ಈಗ ಗಾಡಿ, ಒಂಟೆ, ರೈಲು, ಹಡಗು ಎಲ್ಲವೂ ಈ ಕಡೆಗೇ ಬರುತ್ತಿವೆ. ಯಾಕೆ ಬಿಚ್ಚಿದಿರಿ ಎಂದು ದೀಪ್ತಿ ಕೇಳಿದಳು. ಚೆಂದ ಕಾಣಲಿಲ್ಲ ಎಂದೆ.

೧೨ ಸೆಪ್ಟೆಂಬರ್, ಮಂಗಳವಾರ

ಬೆಳಿಗ್ಗೆ ರಕ್ತ ಕಂಡಿತು. ಪುಷ್ಪರಾಜ ಡಾಕ್ಟರಮ್ಮನನ್ನು ಕರೆತರಲು ಓಡಿದ.

ನಾನೇ. ನಾನೇ. ಸೂಜಿ ಹಿಡಿದದ್ದು ತಪ್ಪಾಯಿತು.

೧೪ ಸೆಪ್ಟೆಂಬರ್, ಗುರುವಾರ

ರಕ್ತ ನಿಂತಿದೆ. ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟು, ಮಂಚದ ಕಾಲಿನ ಕಡೆಗೆ ಎರಡೆರಡು ಇಟ್ಟಿಗೆ ಇಡಿಸಿ ಹೋಗಿದ್ದಾರೆ. ಈಗ ದೀಪ್ತಿ ತಲೆ ತಗ್ಗಾಗಿ, ಕಾಲು ಮೇಲಾಗಿ ಮಲಗಿದ್ದಾಳೆ. ಸೂರು ನೋಡಿಕೊಂಡು ಎಷ್ಟು ಹೊತ್ತು ಇರುತ್ತಾಳೆ, ಪಾಪ.

ನಾನು ಪಟ್ಟಿಯನ್ನು ಸುತ್ತಿ ಟ್ರಂಕಿಗೆ ಹಾಕಿದ್ದೆ. ಸಂಜೆ, ಹೊತ್ತು ಮುಳುಗುವ ಮುಂಚೆ ನನ್ನ ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದಾಗ ಕೂಗಿದಳು.

"ದೊಡ್ಡಮ್ಮ, ರೈಲು ಎಲ್ಲಿಗೆ ಬಂತು?"

"ಯಾವ ರೈಲೇ? ಹುಬ್ಬಳ್ಳಿದೋ?"

"ನಿಮ್ಮದು. ನಿಮ್ಮ ಪಟ್ಟಿಯ ರೈಲು. ನಿಲ್ಲಿಸಬೇಡಿ ದೊಡ್ಡಮ್ಮ. ನೋಡೋಕೆ ನನಗೆ ಈ ಸೂರಿನಲ್ಲಿ ಜೇಡ ಒಂದೇ ಇರೋದು."

ಟ್ರಂಕು ತೆಗೆದೆ. ಪದ್ಮಣ್ಣನಿಗೆ ಕಾರ್ಡು ಹಾಕಿದ್ದೇನೆ: "ಎಲ್ಲ ಕ್ಷೇಮ."

೨೧ ಸೆಪ್ಟೆಂಬರ್, ಗುರುವಾರ

ಊರಿಗೆ ಊರೇ ಚಮಚ ಹಿಡಿದು ಓಡುತ್ತಿದೆ. ಗಣಪತಿ ಹಾಲು ಕುಡಿಯುತ್ತಾನಂತೆ. ಶಿವಗಂಗಮ್ಮ ನಮಗೆ ಕೊಡುವ ಮೊಸರಿನ ಹಾಲನ್ನೂ ದೇವರಿಗೇ ಒಯ್ದು, ಎರಡು ಗಂಟೆ ಸಾಲಿನಲ್ಲಿ ನಿಂತು ಬಂದಳು. "ಸೊರ್‍ರಂತ ಎಳ್ಕಂಡ ಕಣ್ರೀ! ನನ್ ಕಣ್ಣಾಣೆ!" ಎಂದಳು. ಇದ್ದರೂ ಇದ್ದೀತು.

ಆದರೆ ನನ್ನ ಆಶ್ಚರ್ಯ ಬೇರೆ. ಮಧ್ಯಾಹ್ನ ದೀಪ್ತಿ ಹಾಲು ಕುಡಿದು ಲೋಟವನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ನೋಡನೋಡುತ್ತ ಲೋಟ ತಾನಾಗಿ ಒಂದು ಸಲ ಜಿಗಿಯಿತು. ರೈಲು ಬಂದಿರಲಿಲ್ಲ. ಗೂಡಿನ ಲೋಟಗಳು ಸುಮ್ಮನಿದ್ದವು. ಮತ್ತೆ ಜಿಗಿಯಿತು.

"ಬಂದು ಮುಟ್ಟಿ ನೋಡಿ" ಎಂದಳು.

ಒಲೆಯ ಮೇಲೆ ಸಾರಿದೆ ಎಂದು ಒಳಗೆ ಬಂದೆ. ಒಲೆ ಹೊತ್ತಿಸಿರಲೇ ಇಲ್ಲ.

೮ ಅಕ್ಟೋಬರ್, ಭಾನುವಾರ

ನಾಲ್ಕು ಮೊಳ ಯಾಕೋ ಹೆಚ್ಚೆನಿಸಿತು. ಬಸ್ಸಿನ ಸಾಲನ್ನೂ ದೋಣಿಯ ಸಾಲನ್ನೂ ಬಿಚ್ಚಿ ತೆಗೆದಿಟ್ಟೆ. ಈಗ ಎರಡು ಮೊಳ ಉದ್ದ, ಅಗಲ ಒಂದು ಮೊಳಕ್ಕಿಂತ ಗೇಣು ಹೆಚ್ಚು. ಒಳಗೆ ಇಡಲು ನನ್ನ ಹಳೇ ಬಿಳಿ ಸೀರೆ ತಂದಿದ್ದೆ. ಅದು ಒರಟಾಯಿತು ಎಂದು, ಸುನಂದೆಯ ನೆನಪಿಗೆ ಇಟ್ಟುಕೊಂಡಿದ್ದ ಅವಳ ವಾಯಿಲ್ ಸೀರೆಯನ್ನು ಮೂರು ಮಡಿಕೆ ಮಾಡಿ ಇಟ್ಟೆ. ಬಟ್ಟೆಯ ಗಂಜಿ ಹೋಗಲೆಂದು ಬಾಟಿಕ್ಕನ್ನು ಏಳು ನೀರಿನಲ್ಲಿ ಜಾಲಿಸಿದೆ. ಬಣ್ಣ ಒಂದು ಹನಿ ಬಿಡಲಿಲ್ಲ. ಭಾನುಪ್ರಿಯಾಳ ಕೈಗೆ ಒಳ್ಳೆಯದಾಗಲಿ.

ಶಿವಗಂಗಮ್ಮ ಬಂದು ಕೈಯಾಡಿಸಿ ನೋಡಿದಳು. "ಗಂಟೇ ಸಿಗಾಕಿಲ್ವಲ್ಲ?"

"ಗಂಟನ್ನೆಲ್ಲ ಒಳಗೆ ಎಳೆದುಬಿಟ್ಟಿದ್ದೀನಿ. ಮೇಲಿದ್ದರೆ ಒತ್ತುತ್ತೆ."

"ಯಾರಿಗ್ರೀ ಒತ್ತೋದು? ಮೇಜಿಗಾ?"

ಚೆನ್ನಾಗಿ ಕಾಣಲಿ ಅಂತ ಎಂದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿ, "ಊಂ, ಮೇಜಿನ ಮೈ ಬಲು ನಾಜೂಕು" ಎಂದು ಹೋದಳು.

ಗೆರೆಗಳ ಮೇಲೇ ಹೊಲಿಗೆ ಹಾಕುತ್ತಿದ್ದೇನೆ. ಕೌದಿಗೆ ನೆಟ್ಟಗೆ ಸಾಲು ಹಾಕುವುದು ವಾಡಿಕೆ. ಆದರೆ ಈ ಮೇಣದ ಬಿರುಕುಗಳು ಎಳೆದುಕೊಂಡು ಹೋಗುತ್ತವೆ. ಒಂದು ಗೆರೆ ಹಡಗಿನ ಪಟದಿಂದ ಇಳಿದು, ನೀರು ದಾಟಿ, ಕವಲೊಡೆದು, ಮತ್ತೆಲ್ಲೋ ಕೂಡುತ್ತದೆ. ಹಾಸನ ಜಿಲ್ಲೆ ದಾಟಿ ಎಲ್ಲಿಗೂ ಹೋಗದ ನಾನು ದಿನಾ ಬೆಳಿಗ್ಗೆ ಸೂಜಿ ಹಿಡಿದು ಎಷ್ಟು ದೂರ ಹೋಗಿಬರುತ್ತೇನೆ! ಯಾರೂ ಬರೆಯದ ದಾರಿ ಇಷ್ಟು ಸರಿಯಾಗಿ ಹೇಗಿರುತ್ತದೆ?

ಪುಷ್ಪರಾಜ ಆಫೀಸಿನ ಟೇಪು ತಂದು ಪಟ್ಟಿಯ ಅಳತೆ ತೆಗೆದುಕೊಂಡ. "ಮೇಜು ಹೇಳಿಬಿಡ್ತೀನಿ ಅತ್ತೆ" ಎಂದ. ಮಾತು ಕಮ್ಮಿ, ಹೇಳಿದ್ದನ್ನು ಹೇಳಿದ ಹಾಗೇ ನಂಬುವ ಹುಡುಗ. ದೀಪ್ತಿ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು.

೨೪ ಅಕ್ಟೋಬರ್, ಮಂಗಳವಾರ

ಇವತ್ತಿನದನ್ನು ಬರೆಯದೆ ಇರಲಾರೆ.

ಬೆಳಿಗ್ಗೆ ಸೂರ್ಯಗ್ರಹಣ. ದೀಪಾವಳಿಯ ಅಮಾವಾಸ್ಯೆ. ನಸುಕಿನಲ್ಲೇ ಸ್ನಾನ ಮಾಡಿ, ಮಹಾವೀರ ಸ್ವಾಮಿಯ ಪಟಕ್ಕೆ ನಿರ್ವಾಣದ ಪೂಜೆ ಮುಗಿಸಿದೆ. ಗ್ರಹಣಕ್ಕೆ ಹೆದರುವುದು ನಮ್ಮ ಶಾಸ್ತ್ರದಲ್ಲಿಲ್ಲ ಎಂದು ಪದ್ಮಣ್ಣ ನಗುತ್ತಾನೆ. ನಗಲಿ. ಬಸುರಿ ಇರುವ ಮನೆಯಲ್ಲಿ ಶಾಸ್ತ್ರ ಕೇಳಿಕೊಂಡು ಕೂರುವವರು ಯಾರು?

ನಿನ್ನೆಯೇ ಶಿವಗಂಗಮ್ಮ ಎಚ್ಚರಿಸಿದ್ದಳು. "ಗ್ರಾಣ ಬಿಡೋಗಂಟ ಸೂಜಿ, ಕತ್ರಿ ಅವಳ ಮೈಹತ್ರ ಸುಳೀಬಾರ್ದು. ಬಿಸ್ಲು ಒಂದ್ ಚೂರೂ ಬೀಳ್ಬಾರ್ದು." ನಾನು ಸೂಜಿ ಡಬ್ಬಿ, ಕತ್ತರಿ, ಈಳಿಗೆಮಣೆ, ಕೊನೆಗೆ ಪುಷ್ಪರಾಜನ ಗಡ್ಡದ ಬ್ಲೇಡನ್ನೂ ಒಟ್ಟು ಮಾಡಿ ಅವಳ ಮನೆಗೇ ಸಾಗಿಸಿದೆ. ಪೂರ್ವದ ಕಿಟಕಿಗೆ ಗೋಣಿಚೀಲ ಹೊಡೆಸಿದೆ.

ಪುಷ್ಪರಾಜನಿಗೆ ಬೆಳಗಿನ ಡ್ಯೂಟಿ. ನಾವಿಬ್ಬರೇ ಕತ್ತಲೆಯಲ್ಲಿ. ಎಂಟು ಗಂಟೆ ದಾಟಿತ್ತು. ಹೊರಗೆ ಕಾಗೆಗಳು ಇದ್ದಕ್ಕಿದ್ದಂತೆ ಸುಮ್ಮನಾದವು. ಆಗ ದೀಪ್ತಿ ಪಿಸುಗುಟ್ಟಿದಳು, "ದೊಡ್ಡಮ್ಮ, ಇಲ್ಲಿ ನೋಡಿ."

ಗೋಣಿಯಲ್ಲಿ ಅಲ್ಲಲ್ಲಿ ಸಣ್ಣ ತೂತು. ಒಂದೊಂದು ತೂತಿನಿಂದಲೂ ಒಂದೊಂದು ಬೆಳಕಿನ ಚುಕ್ಕೆ ಬಂದು ಅವಳ ಹೊಟ್ಟೆಯ ಮೇಲೆ ಬಿದ್ದಿತ್ತು. ಚುಕ್ಕೆ ದುಂಡಗಿರಲಿಲ್ಲ. ಬಿದಿಗೆಯ ಚಂದ್ರನ ಹಾಗೆ, ಕುಡುಗೋಲಿನ ಹಾಗೆ, ಬಾಗಿದ ಎಳೆ ಬೆಳಕು. ಇಪ್ಪತ್ತೋ ಮೂವತ್ತೋ ಪುಟ್ಟ ಪುಟ್ಟ ಸೂರ್ಯರು, ಎಲ್ಲರೂ ಒಂದೇ ಕಡೆ ಕಚ್ಚಿಸಿಕೊಂಡವರು, ಅವಳ ಹೊಟ್ಟೆಯ ಮೇಲೆ ಸಾಲಾಗಿ ನಿಂತಿದ್ದರು. ಅರುವತ್ತನಾಲ್ಕು ವರ್ಷದಲ್ಲಿ ಇಂಥದ್ದು ನೋಡಿಲ್ಲ, ಕೇಳಿಲ್ಲ.

ಒಂದು ಗಳಿಗೆ ಮೈಮರೆತೆ. ಮರುಗಳಿಗೆಗೆ ನೆನಪಾಯಿತು. ಗ್ರಹಣದ ಬಿಸಿಲು ಹೊಟ್ಟೆಯ ಮೇಲೆ! ಕೈಗೆ ಸಿಕ್ಕಿದ್ದು ಪಟ್ಟಿ. ಅದನ್ನೇ ಹೊಟ್ಟೆಯ ಮೇಲೆ ಹೊದಿಸಿ, ಎರಡೂ ಕೈಯಿಂದ ಒತ್ತಿ ಹಿಡಿದೆ. ಸೂರ್ಯರೆಲ್ಲ ಹಡಗಿನ ಮೇಲೆ, ಒಂಟೆಯ ಮೇಲೆ, ರೈಲಿನ ಹೊಗೆಯ ಮೇಲೆ ಹತ್ತಿ ಕೂತರು. ಆಗ ಕೆಳಗಿನಿಂದ ಒಂದು ಒದೆ ಬಿತ್ತು, ನೇರ ನನ್ನ ಅಂಗೈಗೆ. ಇನ್ನೊಂದು. ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ. ಕೈ ತೆಗೆಯಬೇಕು ಎನ್ನುವುದು ನೆನಪಿತ್ತು. ತೆಗೆಯಲಾಗಲಿಲ್ಲ.

ಎಷ್ಟು ಹೊತ್ತಾಯಿತೋ, ಕಾಗೆ ಮತ್ತೆ ಕೂಗಿದವು. ಪಟ್ಟಿ ಎತ್ತಲು ಹೋದವಳಿಗೆ ಬೆರಳಿಗೆ ಚುಚ್ಚಿತು. ಅಂಚಿನಲ್ಲಿ ಸೂಜಿ! ದಾರ ಪೋಣಿಸಿದ ಸೂಜಿ ಅಲ್ಲೇ ಸಿಕ್ಕಿಸಿ ಮರೆತಿದ್ದೆ. ಊರಿನ ಸೂಜಿಯನ್ನೆಲ್ಲ ಪಕ್ಕದ ಮನೆಗೆ ಕಳಿಸಿದವಳು, ಗ್ರಹಣದ ನಡುವೆ, ಬಸುರಿಯ ಹೊಟ್ಟೆಯ ಮೇಲೆ, ನನ್ನ ಕೈಯಾರೆ ಒಂದು ಸೂಜಿ ಒತ್ತಿ ಹಿಡಿದಿದ್ದೆ.

ಬಾಯಿಂದ ಎಲ್ಲ ಹೊರಗೆ ಬಂತು. "ನಾನು ಬರಬಾರದಿತ್ತು ಕಣೇ. ಹೋದ ಸಲವೂ ನಾನೇ. ಕುಲಾವಿ ಹೊಲೆದಿದ್ದೆ. ಕೆಂಪು ಕುಲಾವಿ. ಹುಟ್ಟೋ ಮುಂಚೆ ಹೊಲೆದೆ."

ದೀಪ್ತಿ ಸೂರು ನೋಡುತ್ತ ಹೇಳಿದಳು. "ನಾನು ಕಾಲುಚೀಲ ಹೆಣೆದಿದ್ದೆ ದೊಡ್ಡಮ್ಮ. ಹಳದಿ ಉಲ್ಲನ್ನಿಂದು. ಇವರಿಗೂ ಹೇಳಿಲ್ಲ. ಆಸ್ಪತ್ರೆಯಿಂದ ಬಂದ ತಿಂಗಳಿಗೆ ಬಾಣಾವರದ ಹತ್ತಿರ ರೈಲಿನ ಕಿಟಕಿಯಿಂದ ಎಸೆದೆ. ನನ್ನಿಂದಲೇ ಹೋಯ್ತು ಅಂತ ಒಂದೂವರೆ ವರ್ಷ ನಿದ್ದೆ ಮಾಡಿಲ್ಲ."

ಕತ್ತು ತಿರುಗಿಸಿ ನನ್ನನ್ನು ನೋಡಿದಳು. "ಈಗ ಹೇಳಿ, ಯಾರ ತಪ್ಪು? ತಲೆಗೆ ಹೊಲೆದವರದೋ, ಕಾಲಿಗೆ ಹೆಣೆದವರದೋ?"

ನಕ್ಕೆವೋ ಅತ್ತೆವೋ, ನನಗೆ ಸರಿಯಾಗಿ ತಿಳಿಯದು. ಶಿವಗಂಗಮ್ಮ ಸೂಜಿ ಡಬ್ಬಿ ಹಿಂದಕ್ಕೆ ಕೊಡಲು ಬಂದಾಗ ನಾನು ಮಂಚದ ಮೇಲೇ ಕೂತಿದ್ದೆ.

೨೬ ಅಕ್ಟೋಬರ್, ಗುರುವಾರ

ಎರಡು ದಿನದಿಂದ ಒದೆ ಎಣಿಸುವುದೇ ಕೆಲಸ. ಡಾಕ್ಟರಮ್ಮ ಬಂದು ಎದೆಬಡಿತ ಕೇಳಿಸಿಕೊಂಡು, ಕೊಳವೆಯನ್ನು ನನ್ನ ಕಿವಿಗೂ ಇಟ್ಟರು. ದೂರದಲ್ಲಿ ಎಲ್ಲೋ ಗಾಡಿ ಓಡಿಬರುವ ಸದ್ದು. ಬೇಗ ಬೇಗ, ನಿಲ್ಲದೆ.

"ಚೆನ್ನಾಗಿದೆ. ಆದರೆ ಈ ತಿಂಗಳು ದಾಟಬೇಕು" ಎಂದರು. ಎಂಟನೆಯದು. ಹೋದ ಸಲದ್ದೂ ಎಂಟನೆಯದೇ.

೧೧ ನವೆಂಬರ್, ಶನಿವಾರ

ಪಟ್ಟಿ ಮುಗಿಯಿತು, ಒಂದು ಮೂಲೆ ಬಿಟ್ಟು. ಅದು ನಮ್ಮವ್ವನ ಪದ್ಧತಿ. ಕೌದಿಯ ಕೊನೆಯ ಮೂಲೆಯನ್ನು ಬೆರಳು ಹೋಗುವಷ್ಟು ತೆರೆದೇ ಬಿಡಬೇಕು. ಯಾರಿಗೆಂದು ಹೊಲೆದದ್ದೋ ಅವರು ಒಂದು ಸಲ ಮಲಗಿ ಎದ್ದ ಮೇಲೆ ಮುಚ್ಚಬೇಕು. ಇದು ಕೌದಿಯಲ್ಲ, ಮೇಜಿನ ಪಟ್ಟಿ. ಆದರೂ ಕೈ ತಾನಾಗಿ ನಿಂತಿತು. ಮೇಜು ಬರಲಿ ಎಂದು ಮಡಿಸಿ ಇಟ್ಟಿದ್ದೇನೆ.

ಮೇಜಿನ ಕಥೆ ಕೇಳಿದರೆ ನಗು ಬರುತ್ತದೆ. ಪುಷ್ಪರಾಜ ಪಟ್ಟಿಯ ಅಳತೆಗೇ ಮೇಜು ಮಾಡಿಸುತ್ತಿದ್ದಾನೆ. ಎರಡು ಮೊಳದ ಮೇಜು! "ಇಷ್ಟು ಗಿಡ್ಡ ಮೇಜಲ್ಲಿ ಯಾರ್ ಸ್ವಾಮಿ ಊಟ ಮಾಡೋದು?" ಎಂದು ಆಚಾರಿ ಕೇಳಿದನಂತೆ. "ನಮ್ಮತ್ತೆಯ ಲೆಕ್ಕ ತಪ್ಪೋದಿಲ್ಲ" ಎಂದನಂತೆ ಇವನು.

ಮಧ್ಯಾಹ್ನ ದೀಪ್ತಿಯ ಕಾಲು ಊದಿತ್ತು. ಎಣ್ಣೆ ಬಿಸಿಮಾಡಿ ತಿಕ್ಕಿದೆ. ಅವಳಿಗೆ ನಿದ್ದೆ ಹತ್ತಿತು. ಹೊಟ್ಟೆಯ ಚರ್ಮ ಬಿಗಿದು, ನೀಲಿ ನರಗಳು ಎದ್ದು, ಕವಲೊಡೆದು, ಕೂಡಿ ಹೋಗಿವೆ. ಥೇಟು ಬಾಟಿಕ್ಕಿನ ಗೆರೆ. ಎಲ್ಲಿ ಬಿರುಕು ಬಿಡುತ್ತದೋ ನಮ್ಮ ಕೈಲಿಲ್ಲ, ಅದರಿಷ್ಟ ಎಂದಿದ್ದಳು ಆ ಹುಡುಗಿ. ನೋಡುತ್ತ ಕೂತೆ. ಒಲೆಯ ಮೇಲೆ ಸಾರು ಉಕ್ಕಿಹೋಯಿತು. ಈ ಸಲ ನಿಜವಾಗಿ.

೫ ಡಿಸೆಂಬರ್, ಮಂಗಳವಾರ

ಹೆಣ್ಣು. ಅತ್ತಳು.

೭ ಡಿಸೆಂಬರ್, ಗುರುವಾರ

ಮೊನ್ನೆ ಎರಡೇ ಮಾತು ಬರೆದು ಪೆನ್ನು ಮುಚ್ಚಿದ್ದೆ. ಇವತ್ತು ಸ್ವಲ್ಪ ಸಾವಧಾನವಿದೆ. ಆಸ್ಪತ್ರೆಯ ವಾರ್ಡಿನ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಗಿನ ಒಂಬತ್ತೂವರೆಗೆ ಒಳಗೆ ಕರೆದುಕೊಂಡು ಹೋದರು. ನಾನೂ ಪುಷ್ಪರಾಜನೂ ಹೊರಗಿನ ಬೆಂಚಿನ ಮೇಲೆ. ಅವನು ಟೈಮ್‌ಟೇಬಲ್ ಪುಸ್ತಕ ತೆಗೆದು ಓದುತ್ತಿದ್ದ, ತಲೆಕೆಳಗಾಗಿ ಹಿಡಿದು. ನಾನು ಹೇಳಲಿಲ್ಲ. ಹತ್ತೂ ಮುಕ್ಕಾಲಿಗೆ ಒಳಗೆ ಸದ್ದಡಗಿತು. ಹೋದ ಸಲ ಈ ಮೌನ ಮುಗಿಯಲೇ ಇಲ್ಲ ಎಂದು ಅವನು ಮೆಲ್ಲಗೆ ಹೇಳಿದ. ನಾನು ಅವನ ಕೈ ಹಿಡಿದುಕೊಂಡೆ. ಬಾಯಲ್ಲಿ ಪಂಚನಮಸ್ಕಾರ ಮಂತ್ರ ಅರ್ಧಕ್ಕೆ ಬಂದಿತ್ತು, ಮುಂದಿನ ಸಾಲು ಮರೆತುಹೋಯಿತು.

ಆಗ ಅಳು. ಮೊದಲು ಬೆಕ್ಕಿನ ಮರಿಯ ಹಾಗೆ, ಆಮೇಲೆ ಗೋಡೆ ಬಿರಿಯುವ ಹಾಗೆ!

ನರ್ಸಮ್ಮ ಹೊರಗೆ ಬಂದು, "ಯಾರು ಹಿಡ್ಕೊಳ್ತೀರಿ?" ಎಂದಳು. ಪುಷ್ಪರಾಜ ನನ್ನನ್ನು ಮುಂದೆ ನೂಕಿದ. ಹಿಂದೆ ಸರಿಯಲು ಜಾಗವಿರಲಿಲ್ಲ, ಬೆಂಚಿತ್ತು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಬಿಸಿ ಗಂಟು ನನ್ನ ಕೈಗೆ ಬಂತು. ಕಣ್ಣು ಮುಚ್ಚಿತ್ತು. ರೆಪ್ಪೆಯ ಮೇಲೆ ಕೂದಲೆಳೆಗಿಂತ ಸಣ್ಣ ನೀಲಿ ಗೆರೆಗಳು. ಇದನ್ನು ಯಾವ ಮೇಣದಲ್ಲಿ ಬರೆದರು, ಯಾವ ಬಣ್ಣದಲ್ಲಿ ಅದ್ದಿದರು!

ಇಷ್ಟು ದೂರದಿಂದ ಬಂದವಳು, ದಣಿದಿದ್ದಾಳೆ.

೧೮ ಡಿಸೆಂಬರ್, ಸೋಮವಾರ

ಪುರುಡಿನ ಸೂತಕ ಕಳೆದು, ಮನೆಗೆ ಬಂದು ಮೂರು ದಿನ. ಮೇಜೂ ಇವತ್ತು ಬೆಳಿಗ್ಗೆ ಬಂತು. ಹಲಸಿನ ಮರದ್ದು, ಚೆನ್ನಾಗಿ ಪಾಲಿಶ್ ಹೊಡೆದು ಮಿರಮಿರ ಮಿಂಚುತ್ತದೆ, ಆದರೆ ನನ್ನ ಮೊಣಕಾಲಿಗಿಂತ ಸ್ವಲ್ಪ ಎತ್ತರ. ಪುಷ್ಪರಾಜ ಅದನ್ನು ಕೋಣೆಯ ನಡುವೆ ಇಟ್ಟು, ಒರೆಸಿ, "ಪಟ್ಟಿ ಕೊಡಿ ಅತ್ತೆ, ಹಾಸೋಣ" ಎಂದು ಕೈ ಚಾಚಿದ.

ಪಟ್ಟಿಯ ಮೇಲೆ ಮಗಳು ಮಲಗಿದ್ದಳು. ತಲೆ ಹಡಗಿನ ಹತ್ತಿರ, ಕಾಲು ಎತ್ತಿನ ಗಾಡಿಯ ಹತ್ತಿರ. ಅಳತೆಗೆ ಹೊಲೆದ ಹಾಗಿತ್ತು. ಪುಷ್ಪರಾಜ ಮಗುವನ್ನು ನೋಡಿದ, ಮೇಜನ್ನು ನೋಡಿದ, ಇಬ್ಬರಿಗೂ ಒಂದೇ ಅಳತೆ ಇರುವುದನ್ನು ನೋಡಿದ. ಮೆಲ್ಲಗೆ ಅವನ ಮುಖದ ತುಂಬ ಬೆಳಕು ಹರಿಯಿತು. "ಅಂದ್ರೆ, ಮೇಜಿಗಲ್ವಾ?" ಎಂದ. ದೀಪ್ತಿ ಹೆರಿಗೆಯ ಹೊಲಿಗೆ ಬಿಚ್ಚುವ ಹಾಗೆ ನಕ್ಕಳು. ಡಾಕ್ಟರಮ್ಮ ನಗಬೇಡ ಎಂದಿದ್ದರೂ.

ಮೇಜಿಗೆಂದೇ ಹೊಲೆದದ್ದು ಎಂದು ಹೇಳಲು ಬಾಯಿ ತೆರೆದೆ. ಮುಚ್ಚಿಕೊಂಡು, ಮಗುವಿನ ಕಾಲ ಕೆಳಗಿನ ಮಡಿಕೆ ಸರಿಮಾಡಿದೆ.

ಸ್ವಲ್ಪ ಹೊತ್ತಿಗೆ ಶಿವಗಂಗಮ್ಮ ಮಗು ನೋಡಲು ಬಂದಳು. "ಕೈ ತೊಳೆದು ಬನ್ರೀ, ಹಾಗೇ ಮುಟ್ಟಬೇಡಿ" ಎಂದೆ. ತೊಳೆದು ಬಂದು ಬರಿಯ ಮೇಜನ್ನು ನೋಡಿ ಶುರುಮಾಡಿದಳು.

"ಮೇಜೇನೋ ಬಂತು. ಎಲ್ರೀ ಅದ್ರ ಬಟ್ಟೆ?"

"ಒಗೆದು ಹಾಕಿದ್ದೀನಿ. ಮೇಜು ಉಚ್ಚೆ ಹೊಯ್ದುಬಿಡ್ತು ಕಣ್ರೀ."

ಅವಳು ನಕ್ಕ ನಗುವಿಗೆ ಗೂಡಿನ ಲೋಟಗಳು ಅದುರಿದವು.

ಮಧ್ಯಾಹ್ನ ಪದ್ಮಣ್ಣನಿಗೆ ಕಾಗದ ಬರೆದೆ. ಒಂದು ಇನ್‌ಲ್ಯಾಂಡು ಸಾಲಲಿಲ್ಲ, ಎರಡಾಯಿತು. ರಕ್ತ ಕಂಡದ್ದು, ಗ್ರಹಣದ ಸೂರ್ಯರು, ಸೂಜಿ, ಎಲ್ಲ ಬರೆದೆ. ಕೆರೆಗೆ ಹಾಕಿದ ಕುಲಾವಿಯನ್ನೂ ಬರೆದೆ. ಹೊಸದೊಂದು ಹೊಲೆಯಬೇಕು, ನನ್ನ ಟ್ರಂಕಿನಲ್ಲಿ ಉಳಿದಿರುವ ಕೆಂಪು ಫ್ಲಾನೆಲ್ ಬಸ್ಸಿನಲ್ಲಿ ಯಾರ ಕೈಲಾದರೂ ಕಳಿಸು ಎಂದೆ.

ಪಟ್ಟಿ ಹಗ್ಗದ ಮೇಲೆ ಒಣಗುತ್ತಿದೆ. ಈಗ ಹುಬ್ಬಳ್ಳಿಯ ರೈಲು ಹೋಯಿತು, ಅದರ ಗಾಳಿಗೆ ಹಡಗು, ಒಂಟೆ, ಗಾಡಿ ಎಲ್ಲ ಒಮ್ಮೆ ಎದ್ದು ಕೂತವು. ಹೊಲಿಗೆಯ ಗೆರೆ ಈ ಕಡೆಯಿಂದ ನೋಡಿದರೂ ಅದೇ, ಆ ಕಡೆಯಿಂದ ನೋಡಿದರೂ ಅದೇ. ಸೂಜಿಗೆ ದಾರ ಪೋಣಿಸಿ ಇಟ್ಟುಕೊಂಡಿದ್ದೇನೆ. ಒಣಗಿದ ಮೇಲೆ ಆ ಮೂಲೆ ಮುಚ್ಚಿಬಿಡಬೇಕು. ಮಲಗುವವಳು ಮಲಗಿ ಎದ್ದಾಯಿತಲ್ಲ.

ಅಗೋ, ಮತ್ತೆ ಎದ್ದಳು. ಅಳುತ್ತಿದ್ದಾಳೆ. ಎಷ್ಟು ಚೆನ್ನಾಗಿ ಅಳುತ್ತಾಳೆ!